ಕೆನಡಾದ ಹೊಸ ಡಿಸೈನರ್‌ಗಳಿಗೆ ಬೇಸಿಗೆ ಬಟ್ಟೆಯೇ ಯಾಕೆ ಕಷ್ಟ?

ಕೆನಡಾ ಅಂದ ಕೂಡಲೇ ಜನಕ್ಕೆ ನೆನಪಾಗುವುದು ದಪ್ಪ ಕೋಟು. ಕೆನಡಾ ಗೂಸ್, ಮೂಸ್ ನಕಲ್ಸ್ ಎಲ್ಲ ಚಳಿಯಿಂದಲೇ ಹೆಸರು ಮಾಡಿದ ಕಂಪನಿಗಳು. ಆದರೆ ಹೊಸದಾಗಿ ಲೇಬಲ್, ಅಂದರೆ ತಮ್ಮದೇ ಬ್ರ್ಯಾಂಡ್, ಶುರು ಮಾಡಿದವರು ಯಾರಾದರೂ ಸಿಕ್ಕರೆ ನಾನು ಮೊದಲು ನೋಡಲು ಕೇಳುವುದು ಅವರ ಸ್ಪ್ರಿಂಗ್-ಸಮ್ಮರ್ ಕಲೆಕ್ಷನ್ನನ್ನೇ. ನನ್ನ ಕೆಲಸ ಪ್ಯಾಟರ್ನ್ ಮಾಡುವುದು, ಅಂದರೆ ಬಟ್ಟೆ ಕತ್ತರಿಸಲು ಅಳತೆಯ ನಕ್ಷೆ ಬರೆಯುವುದು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕಲಿತೆ, ಈಗ ಟೊರಾಂಟೊದಲ್ಲಿ ಸಣ್ಣ ಲೇಬಲ್‌ಗಳಿಗೆ ಸ್ಯಾಂಪಲ್ ತೆಗೆದುಕೊಡುತ್ತೇನೆ. ಇಲ್ಲಿ ಹೊಸಬರು ಉಳಿಯುತ್ತಾರೋ ಇಲ್ಲವೋ ಅನ್ನುವುದು ಕೋಟಿನಲ್ಲಿ ಅಲ್ಲ, ಬೇಸಿಗೆ ಬಟ್ಟೆಯಲ್ಲಿ ತೀರ್ಮಾನವಾಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಹೊಲಿಗೆಯ ಮಾತು. ಕೋಟಿಗೆ ಲೈನಿಂಗ್ ಇರುತ್ತದೆ, ಒಳಗಿನ ಸಣ್ಣಪುಟ್ಟ ತಪ್ಪೆಲ್ಲ ಅದರ ಹಿಂದೆ ಮುಚ್ಚಿಹೋಗುತ್ತದೆ. ತೆಳು ಕಾಟನ್ ಫ್ರಾಕಿಗೆ ಆ ರಕ್ಷಣೆ ಇಲ್ಲ, ಒಳಗನ್ನು ಹೊರಗೆ ತಿರುಗಿಸಿದರೆ ಮಾಡಿದವರ ಬಂಡವಾಳ ಬಯಲಾಗುತ್ತದೆ. ಅದಕ್ಕೇ ಚೆನ್ನಾಗಿ ಮಾಡುವವರು ಬರೀ ಓವರ್‌ಲಾಕ್ ಹೊಡೆದು ಬಿಡುವುದಿಲ್ಲ, ಫ್ರೆಂಚ್ ಸೀಮ್ ಹಾಕುತ್ತಾರೆ, ಅಂದರೆ ಒಂದೇ ಜೋಡಣೆಯನ್ನು ಎರಡು ಸಲ ಹೊಲಿದು ಕತ್ತರಿಸಿದ ಅಂಚನ್ನು ಒಳಗೇ ಅಡಗಿಸುತ್ತಾರೆ. ಸಮಯವೂ ಹೆಚ್ಚು ಬೇಕು. ಕ್ರಾಸ್ ಕಟಿಂಗ್ ಇದ್ದರಂತೂ, ಅಂದರೆ ನೂಲಿನ ಎಳೆಗೆ ಓರೆಯಾಗಿ ಕತ್ತರಿಸಿದ್ದರೆ, ಬಟ್ಟೆಯನ್ನು ಕಡಿಮೆಯೆಂದರೂ ಒಂದು ರಾತ್ರಿ ನೇತುಹಾಕಿ, ಅದು ತನ್ನ ಭಾರಕ್ಕೆ ಎಷ್ಟು ಇಳಿಯಬೇಕೋ ಅಷ್ಟು ಇಳಿದ ಮೇಲೆ ಕೆಳಗಿನ ಅಂಚು ಮಡಿಸಬೇಕು. ಅವಸರ ಮಾಡಿದರೆ ಎರಡನೇ ವಾರಕ್ಕೆ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ. ಲಿನನ್ ಆದರೆ ಕತ್ತರಿ ಹಾಕುವ ಮೊದಲೇ ಒಗೆದು ಕುಗ್ಗಿಸಿಕೊಳ್ಳಬೇಕು. ಇದೆಲ್ಲ ರ‍್ಯಾಂಪ್ ಮೇಲೆ ಕಾಣುವುದಿಲ್ಲ, ಫೋಟೋದಲ್ಲೂ ಕಾಣುವುದಿಲ್ಲ, ಕೊಂಡವರು ಮೂರು ಸಲ ಒಗೆದ ಮೇಲೆ ಕಾಣುತ್ತದೆ.

ಇನ್ನು ದುಡ್ಡು. ಒಂದು ಲೆಕ್ಕ ಹಾಕೋಣ, ಉದಾಹರಣೆಗೆ ಅಷ್ಟೇ. ಒಳ್ಳೆ ಕಾಟನ್ ಎರಡೂವರೆ ಮೀಟರಿಗೆ 45 ಕೆನಡಾ ಡಾಲರ್ ಅಂದುಕೊಳ್ಳಿ. ಹೊಲಿಗೆಗೆ 60. ಕಟಿಂಗ್, ಗುಂಡಿ, ಲೇಬಲ್ ಸೇರಿ 15. ಅಲ್ಲಿಗೆ 120 ಆಯಿತು. ಡಿಸೈನರ್ ಅಂಗಡಿಗೆ ಕೊಡುವಾಗ ಅದನ್ನು ದುಪ್ಪಟ್ಟು ಮಾಡಿ 240 ಅನ್ನಬೇಕು, ಅಂಗಡಿಯವರು ಅದರ ಮೇಲೆ ಇನ್ನೂ ದುಪ್ಪಟ್ಟಿಗಿಂತ ಜಾಸ್ತಿ ಹಾಕುತ್ತಾರೆ. ಬೆಲೆ 500 ದಾಟಿತು, ಒಂದು ಕಾಟನ್ ಫ್ರಾಕಿಗೆ! ಕೋಟಿಗೆ ಜನ ಸಾವಿರ ಡಾಲರ್ ಕೊಡುತ್ತಾರೆ, ಯಾಕಂದರೆ ಐದು ತಿಂಗಳು ಹಾಕಬಹುದು. ಫ್ರಾಕಿಗೆ ಅಷ್ಟು ಕೊಡಲು ಕೈ ಬರುವುದಿಲ್ಲ. ಬಟ್ಟೆ ತೆಳುವಾದ ಮಾತ್ರಕ್ಕೆ ಹೊಲಿಯುವವರ ಕೂಲಿ ತೆಳುವಾಗುವುದಿಲ್ಲ, ಅಲ್ವಾ? ಒಂಟಾರಿಯೊದಲ್ಲಿ 2025ರ ಅಕ್ಟೋಬರಿನಿಂದ ಕನಿಷ್ಠ ಕೂಲಿಯೇ ಗಂಟೆಗೆ 17.60 ಡಾಲರ್, ನುರಿತ ಕೈಗೆ ಅದಕ್ಕಿಂತ ಹೆಚ್ಚು ಕೊಡಲೇಬೇಕು, ಕೊಡಬೇಕಾದದ್ದೂ ನ್ಯಾಯವೇ.

ಕ್ಯಾಲೆಂಡರಿನ ಕಥೆ ಇನ್ನೂ ಕಷ್ಟದ್ದು. ಸ್ಪ್ರಿಂಗ್-ಸಮ್ಮರ್ ಕಲೆಕ್ಷನ್ ತೋರಿಸುವುದು ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ. ಸ್ಯಾಂಪಲ್ಲಿಗೆ ಬಟ್ಟೆ ಅದಕ್ಕೂ ಮೊದಲೇ ಕೊಂಡಿರಬೇಕು. ಆರ್ಡರ್ ಬಂದ ಮೇಲೆ ಚಳಿಗಾಲ ಪೂರ್ತಿ ಹೊಲಿಗೆ, ಫೆಬ್ರವರಿಯಿಂದ ಏಪ್ರಿಲ್ ಒಳಗೆ ಅಂಗಡಿಗೆ ಕಳಿಸಬೇಕು. ಹೊರಗೆ ಹಿಮ ಬಿದ್ದಿರುವಾಗ ತೋಳಿಲ್ಲದ ಲಿನನ್ ಫ್ರಾಕು ಅಂಗಡಿಯಲ್ಲಿ ನೇತಾಡುತ್ತಿರುತ್ತದೆ. ಟೊರಾಂಟೊದಲ್ಲಿ ನಿಜವಾದ ಸೆಕೆ ಶುರುವಾಗುವುದು ಜೂನ್ ಕೊನೆಗೆ, ಅಷ್ಟರಲ್ಲಿ ಅಂಗಡಿಯವರು ಸೇಲ್ ಬೋರ್ಡ್ ಹಾಕಿರುತ್ತಾರೆ. ಅಂದರೆ ಜನಕ್ಕೆ ಬಟ್ಟೆ ಬೇಕಾಗುವ ಹೊತ್ತಿಗೆ ಅದರ ಬೆಲೆ ಬಿದ್ದಿರುತ್ತದೆ. ಅಂಗಡಿಯಿಂದ ಹಣ ಕೈಗೆ ಬರುವುದು ಬಟ್ಟೆ ತಲುಪಿದ ಒಂದೆರಡು ತಿಂಗಳ ಮೇಲೆ. ಬಟ್ಟೆಗೆ ದುಡ್ಡು ಸುರಿದು ಹತ್ತಿರ ಹತ್ತಿರ ಒಂದು ವರ್ಷ ಕಾಯುವ ಶಕ್ತಿ ಇಪ್ಪತ್ತೈದರ ಹುಡುಗಿಗೆ ಎಲ್ಲಿಂದ ಬರಬೇಕು?

ಪ್ರತಿಭೆಗೇನೂ ಬರ ಇಲ್ಲ. ಎಲ್‌ವಿಎಂಎಚ್ ಅನ್ನುವ ಫ್ರೆಂಚ್ ಐಷಾರಾಮಿ ಕಂಪನಿ ಹೊಸ ಡಿಸೈನರ್‌ಗಳಿಗೆ ಕೊಡುವ ಪ್ರಶಸ್ತಿ ಶುರುವಾದ 2014ರಲ್ಲೇ ಅದನ್ನು ಗೆದ್ದದ್ದು ಮಾಂಟ್ರಿಯಲ್‌ನ ಥಾಮಸ್ ಟೈಟ್. 2016ರಲ್ಲಿ ಅದರ ವಿಶೇಷ ಬಹುಮಾನ ಟೊರಾಂಟೊದ ವೇಯಸ್ ಕ್ರುಷೆವ್‌ಸ್ಕಿಗೆ ಬಂತು, ಆಗಿನ್ನೂ ಹತ್ತೊಂಬತ್ತರ ಹುಡುಗ, ಫ್ಯಾಷನ್ ಶಾಲೆ ಮೆಟ್ಟಿಲು ಹತ್ತದೆ ತಾನೇ ಕಲಿತವನು. ಆದರೆ ಹೆಸರು ಬಂದವರಲ್ಲಿ ಎಷ್ಟೋ ಜನ ಹೊರಗೆ ನೆಲೆ ನಿಂತಿದ್ದಾರೆ. ಎರ್ಡೆಮ್ ಮಾಂಟ್ರಿಯಲ್‌ನಲ್ಲಿ ಹುಟ್ಟಿ ಟೊರಾಂಟೊದಲ್ಲಿ ಓದಿದ ಡಿಸೈನರ್, ಹೆಸರು ಮಾಡಿದ್ದು ಲಂಡನ್ನಿನಲ್ಲಿ. ಟೈಟ್ ಕೂಡ ಲೇಬಲ್ ಕಟ್ಟಿದ್ದು ಲಂಡನ್ನಿನಲ್ಲೇ. ಇಲ್ಲಿ ಒಂದು ಕಾಲಕ್ಕೆ ಟೊರಾಂಟೊದ ಸ್ಪಡೈನಾ ರಸ್ತೆ, ಮಾಂಟ್ರಿಯಲ್‌ನ ಶಾಬನೆಲ್ ಬೀದಿ ತುಂಬ ಹೊಲಿಗೆ ಕಾರ್ಖಾನೆಗಳೇ ಇದ್ದವು. 2005ರಲ್ಲಿ ಆಮದಿನ ಕೋಟಾ ಪದ್ಧತಿ, ಅಂದರೆ ಹೊರದೇಶದ ಬಟ್ಟೆ ಇಷ್ಟೇ ಬರಬೇಕು ಅನ್ನುವ ಮಿತಿ, ಮುಗಿದ ಮೇಲೆ ಅವುಗಳಲ್ಲಿ ಬಹಳಷ್ಟು ಬಾಗಿಲು ಹಾಕಿದವು. ನಮ್ಮ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊಸ ಆರ್ಡರ್ ತಂದ ಅದೇ ಬದಲಾವಣೆ ಇಲ್ಲಿಯವರ ಕೆಲಸ ಕಳೆಯಿತು, ಎರಡೂ ಕಡೆ ಕೆಲಸ ಮಾಡಿದ ನನಗೆ ಅದನ್ನು ಒಂದೇ ಕಡೆಯಿಂದ ನೋಡಲು ಆಗುವುದಿಲ್ಲ. ಉಳಿದ ಹೊಲಿಗೆಯವರಿಗೆ ವಯಸ್ಸಾಗುತ್ತಿದೆ. ಇವತ್ತು ಮೂವತ್ತು ಪೀಸ್ ಮಾತ್ರ ಹೊಲಿದುಕೊಡಿ ಅಂದರೆ ಒಪ್ಪುವವರನ್ನು ಹುಡುಕುವುದೇ ಹೊಸ ಡಿಸೈನರ್‌ನ ಅರ್ಧ ಕೆಲಸ.

ಹಾಗಿದ್ದೂ ಬೇಸಿಗೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಇದ್ದಾರೆ. ಮಾಂಟ್ರಿಯಲ್‌ನ ಎಲಿಜಾ ಫಾಕ್ನರ್ ಅವರ ದೊಡ್ಡ ತೋಳಿನ, ಗಾಳಿಯಾಡುವ ಫ್ರಾಕುಗಳನ್ನು ನೋಡಿ. ಮೈಗೆ ಅಂಟುವುದಿಲ್ಲ, ಸಂಜೆ ಚಳಿಯಾದರೆ ಒಳಗೊಂದು ತೆಳು ಸ್ವೆಟರ್ ಹಿಡಿಸುತ್ತದೆ. ಕೆನಡಾದ ಬೇಸಿಗೆ ಇರುವುದೇ ಹಾಗೆ. ಟೊರಾಂಟೊದ ಲೆಸ್ಲಿ ಹ್ಯಾಂಪ್ಟನ್, ಅನಿಶಿನಾಬೆ ಮತ್ತು ಮೊಹಾಕ್ ಅನ್ನುವ ಮೂಲನಿವಾಸಿ ಸಮುದಾಯಗಳವರು, ಎಲ್ಲ ಮೈಕಟ್ಟಿನವರಿಗೂ ಬಟ್ಟೆ ಮಾಡುವುದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಇದು ಹೇಳಿದಷ್ಟು ಸುಲಭವಲ್ಲ. ಸೈಜ್ ದೊಡ್ಡದು ಮಾಡುವುದು ಅಂದರೆ ಸುಮ್ನೆ ಎಲ್ಲ ಕಡೆ ಇಂಚು ಸೇರಿಸುವುದಲ್ಲ. ಎದೆ ಅಗಲವಾದಷ್ಟು ಭುಜದ ಮೂಳೆ ಅಗಲವಾಗುವುದಿಲ್ಲ. ತೋಳಿಲ್ಲದ ಬಟ್ಟೆಯಲ್ಲಿ ಈ ತಪ್ಪು ಕಂಕುಳ ಹತ್ತಿರ ಬಾಯಿ ಬಿಟ್ಟು ನಿಲ್ಲುತ್ತದೆ. ಸರಿಯಾಗಬೇಕಾದರೆ ದೊಡ್ಡ ಸೈಜಿಗೆ ಬೇರೆಯೇ ಮೂಲ ಪ್ಯಾಟರ್ನ್ ಬರೆದು, ಆ ಅಳತೆಯವರಿಗೇ ತೊಡಿಸಿ ನೋಡಬೇಕು. ಖರ್ಚು ಹೆಚ್ಚುತ್ತದೆ, ಆದರೆ ಮಾಡಬೇಕಾದ ಖರ್ಚು ಅದು.

ನಮಗೆ ಹತ್ತಿರದ ಉದಾಹರಣೆಯೂ ಒಂದಿದೆ. ಟೊರಾಂಟೊದಲ್ಲಿ ಬೆಳೆದ ಮೃಗಾ ಕಪಾಡಿಯಾ ಮತ್ತು ಅಮೃತ್ ಕುಮಾರ್ ಭಾರತಕ್ಕೆ ಬಂದು ನಾರ್‌ಬ್ಲ್ಯಾಕ್ ನಾರ್‌ವೈಟ್ ಶುರು ಮಾಡಿದರು, ಕಚ್ಛಿನ ಬಾಂಧನಿಯಿಂದ. ಗಂಟು ಕಟ್ಟಿ ಬಣ್ಣ ಹಾಕಿದ ತೆಳು ಬಟ್ಟೆಯನ್ನು ಟೊರಾಂಟೊ ಬೀದಿಯ ಹುಡುಗಿಯರು ಹಾಕುವ ಸಡಿಲ ಕಟ್ಟಿಗೆ ತಂದದ್ದು ನನಗೆ ತುಂಬ ಇಷ್ಟ. ಬೇಸಿಗೆ ಬಟ್ಟೆ ಎಲ್ಲಿ ಹುಟ್ಟುತ್ತದೋ ಅಲ್ಲಿಗೇ ಹೋಗಿ ಕೂತರು ಅವರು.

ಈಗಿನ ಪರಿಸ್ಥಿತಿ ಇನ್ನೂ ಬಿಗಿಯಾಗಿದೆ. 1670ರಲ್ಲಿ ಶುರುವಾದ ಕೆನಡಾದ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಕಂಪನಿ ಹಡ್ಸನ್ಸ್ ಬೇ 2025ರ ಜೂನ್ 1ರಂದು ತನ್ನ ಉಳಿದ ಅಂಗಡಿಗಳನ್ನೂ ಮುಚ್ಚಿತು. ಅದೇ ವರ್ಷ ಆಗಸ್ಟ್ 29ರಿಂದ ಅಮೆರಿಕ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕದ ವಿನಾಯಿತಿ ತೆಗೆದುಹಾಕಿತು. ಇಲ್ಲಿಯ ಎಷ್ಟೋ ಸಣ್ಣ ಲೇಬಲ್‌ಗಳು ಗಡಿಯಾಚೆಯ ಗಿರಾಕಿಗೆ ಒಂದೊಂದೇ ಫ್ರಾಕು ಅಂಚೆಯಲ್ಲಿ ಕಳಿಸಿ ಬದುಕುತ್ತಿದ್ದವು. ಅದಕ್ಕೇ ಹೊಸದಾಗಿ ಬಂದ ಡಿಸೈನರ್‌ಗಳಿಗೆ ನಾನು ಹೇಳುವುದು ಇಷ್ಟು. ನಲವತ್ತು ಡಿಸೈನ್ ಬೇಡ, ಎಂಟು ಮಾಡಿ. ಅಂಗಡಿಯನ್ನು ನಂಬಿ ಸಾಲ ಮಾಡಬೇಡಿ, ಮುಂಗಡ ತಗೊಂಡು ಆರ್ಡರಿಗೆ ಹೊಲಿಯಿರಿ, ಮೇ ತಿಂಗಳಲ್ಲೇ ತೋರಿಸಿ ಜೂನ್‌ನಲ್ಲೇ ಕೊಡಿ. 2018ರಲ್ಲಿ ಸೇಜ್ ಪಾಲ್ ಟೊರಾಂಟೊದಲ್ಲಿ ಮೂಲನಿವಾಸಿಗಳ ಫ್ಯಾಷನ್ ವೀಕ್ ಶುರು ಮಾಡಿದಾಗ ಮೇ ಕೊನೆ, ಜೂನ್ ಮೊದಲಲ್ಲೇ ನಡೆಸಿದ್ದರು. ಪ್ಯಾರಿಸ್ ಕ್ಯಾಲೆಂಡರಿಗೆ ಹೆಜ್ಜೆ ಹಾಕಲೇಬೇಕು ಅಂತ ಎಲ್ಲೂ ಬರೆದಿಲ್ಲ.

ಟೊರಾಂಟೊ, ಬ್ರಾಂಪ್ಟನ್ ಕಡೆ ಇರುವ ಕನ್ನಡದವರು ಇಂಥ ಲೇಬಲ್‌ಗಳ ಬಟ್ಟೆ ನೋಡಲು ಹೋದರೆ, ಮೊದಲು ಒಳಗನ್ನು ಹೊರಗೆ ತಿರುಗಿಸಿ ಜೋಡಣೆ ನೋಡಿ. ಕಂಕುಳ ಹತ್ತಿರ ಬೆರಳು ಹಾಕಿ ಎಳೆದು ನೋಡಿ. ಲಿನನ್ ಆದರೆ ಮೊದಲೇ ಒಗೆದು ಕುಗ್ಗಿಸಿದ್ದೀರಾ ಅಂತ ಕೇಳಿ, ಸರಿಯಾಗಿ ಮಾಡಿದವರು ಖುಷಿಯಿಂದ ಉತ್ತರ ಕೊಡುತ್ತಾರೆ. ಹಿಡಿಸಿದರೆ ಸೇಲಿಗೆ ಕಾಯದೆ ಮೇನಲ್ಲೇ, ಸಾಧ್ಯವಾದರೆ ನೇರವಾಗಿ ಅವರ ಕೈಯಿಂದಲೇ ಒಂದು ಕೊಳ್ಳಿ. ಮುಂದಿನ ಬೇಸಿಗೆಯ ಬಟ್ಟೆಗೆ ಅವರು ಮುಂಗಡ ಕಟ್ಟುವುದು ಆ ದುಡ್ಡಿನಲ್ಲೇ.