ಮತದಾನಕ್ಕೆ ಕರೆಯುವ ಎಸ್‌ಎಂಎಸ್: ಪ್ರಯೋಗಗಳು ತಿಳಿಸುವುದೇನು, ಮಲೆನಾಡಿಗೆ ಅದು ಹೊಂದುವುದೆಷ್ಟು

ಚುನಾವಣಾ ಪ್ರಚಾರದಲ್ಲಿ ಮೊಬೈಲ್ ಸಂದೇಶಗಳ ಪರಿಣಾಮವನ್ನು ಓದಲು ಹೊರಟವರು ಎರಡು ಕೆಲಸಗಳನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು. ಮತದಾರನ ಒಲವನ್ನು ಬದಲಿಸುವುದು ಒಂದು ಕೆಲಸ. ಒಲವು ಯಾರ ಕಡೆಗೇ ಇರಲಿ, ಅವನನ್ನು ಮತಗಟ್ಟೆಯವರೆಗೆ ಬರಮಾಡಿಕೊಳ್ಳುವುದು ಇನ್ನೊಂದು. ಎಸ್‌ಎಂಎಸ್ ಕುರಿತ ಗಟ್ಟಿ ಸಂಶೋಧನೆಯ ಬಹುಪಾಲು ಎರಡನೆಯದನ್ನು ಕುರಿತದ್ದು. ಅದರ ಸಾರವನ್ನು ಹೀಗೆ ಹೇಳಬಹುದು: ಮತ ಹಾಕಬೇಕೆಂದು ಮನಸ್ಸಿದ್ದೂ ಆ ದಿನದ ಗಡಿಬಿಡಿಯಲ್ಲಿ ತಪ್ಪಿಸಿಕೊಳ್ಳಬಹುದಾದವರಲ್ಲಿ ಕೆಲವರನ್ನು ಸಂದೇಶ ಹೊರಡಿಸುತ್ತದೆ, ಮನಸ್ಸೇ ಇಲ್ಲದವರ ಮೇಲೆ ಅದರ ಪ್ರಭಾವ ತೀರ ಅಲ್ಪ.

ಈ ಕ್ಷೇತ್ರದ ಆಧುನಿಕ ಅಧ್ಯಯನ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಅವರು 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ನಡೆಸಿದ ಪ್ರಯೋಗದಿಂದ ಆರಂಭವಾಗುತ್ತದೆ. ಲಾಟರಿ ಎತ್ತಿದಂತೆ ಮತದಾರರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರ ಮನೆಬಾಗಿಲಿಗೆ ಹೋಗಿ ಮಾತನಾಡಿಸಿದರು, ಕೆಲವರಿಗೆ ಅಂಚೆ ಕಳಿಸಿದರು, ಕೆಲವರಿಗೆ ದೂರವಾಣಿ ಕರೆ ಮಾಡಿಸಿದರು. ಮನೆಭೇಟಿಯಿಂದ ಮತದಾನ ಸುಮಾರು 8ರಿಂದ 9 ಶೇಕಡಾವಾರು ಅಂಶ ಏರಿತು. ಅಂಚೆಯಿಂದ ಅರ್ಧ ಅಂಶದಷ್ಟು. ಕರೆಯಿಂದ ಏನೂ ಇಲ್ಲ. ಮುಖಾಮುಖಿ ಮಾತು ಕಡಿಮೆಯಾದಷ್ಟೂ ಫಲ ಕಡಿಮೆ ಎಂಬ ತೀರ್ಮಾನ ಇದರಿಂದ ಬೇರೂರಿತು. ಆ ಪ್ರಕಾರ ಎಸ್‌ಎಂಎಸ್ ಎಲ್ಲಕ್ಕಿಂತ ನಿರುಪಯುಕ್ತವಾಗಬೇಕಿತ್ತು.

ಆದರೆ 2006ರ ಅಮೆರಿಕ ಚುನಾವಣೆಯ ವೇಳೆ ಆಲಿಸನ್ ಡೇಲ್ ಮತ್ತು ಆರನ್ ಸ್ಟ್ರಾಸ್ ನಡೆಸಿದ ಪ್ರಯೋಗದಲ್ಲಿ ಮತದಾನದ ಮುನ್ನಾದಿನದ ಒಂದು ಚಿಕ್ಕ ಸಂದೇಶ ಸುಮಾರು 3 ಅಂಶಗಳ ಏರಿಕೆ ತೋರಿಸಿತು. ಸಾಮಾಜಿಕ ನಂಟು ಇಲ್ಲದಿದ್ದರೂ, ಕಣ್ಣಿಗೆ ಬೀಳದೆ ಹೋಗದ ನೆನಪು ಸಾಕಾಗುತ್ತದೆ ಎಂಬುದು ಅವರ ವಿವರಣೆ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಆ ಪ್ರಯೋಗದಲ್ಲಿದ್ದವರು ಹೊಸದಾಗಿ ಹೆಸರು ನೋಂದಾಯಿಸಿ ತಮ್ಮ ಮೊಬೈಲ್ ಸಂಖ್ಯೆಯನ್ನು ತಾವೇ ಕೊಟ್ಟವರು, ಅಂದರೆ ಆಸಕ್ತಿ ಮೊದಲೇ ಇದ್ದವರು. ಅನಂತರ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಕೌಂಟಿಯಲ್ಲಿ 2009 ಮತ್ತು 2010ರಲ್ಲಿ ನಡೆದ ಅಧ್ಯಯನದಲ್ಲಿ ಪರಿಣಾಮ 1 ಅಂಶಕ್ಕಿಂತ ಕೆಳಗಿಳಿಯಿತು. ಅಬ್ಬರವಿಲ್ಲದ ಸ್ಥಳೀಯ ಚುನಾವಣೆಯಲ್ಲಿ ರೂಢಿಯಿಂದ ಮತ ಹಾಕುವವರೂ, ತುಸು ಹೆಚ್ಚು ಕಾವಿನ ಚುನಾವಣೆಯಲ್ಲಿ ಆಗೊಮ್ಮೆ ಈಗೊಮ್ಮೆ ಹಾಕುವವರೂ ಸಂದೇಶಕ್ಕೆ ಓಗೊಟ್ಟರು ಎಂಬುದು ಅದರ ನಿಜವಾದ ಕೊಡುಗೆ. ಡೆನ್ಮಾರ್ಕಿನಲ್ಲಿ 2013ರ ಸ್ಥಳೀಯ ಮತ್ತು 2014ರ ಯುರೋಪಿಯನ್ ಸಂಸತ್ತಿನ ಚುನಾವಣೆಗಳಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಏರಿಕೆ 0.3ರಿಂದ 1.8 ಅಂಶಗಳ ನಡುವೆ ಇತ್ತು. ಒಂದೇ ಸಂಖ್ಯೆ ಬರೆಯಬೇಕಾದರೆ 3 ಎಂದು ಬರೆಯುವುದಕ್ಕಿಂತ ‘1ರ ಆಸುಪಾಸು’ ಎಂದು ಬರೆಯುವುದೇ ಪ್ರಾಮಾಣಿಕ.

ಈ 1 ಅಂಶವನ್ನು ಸರಿಯಾಗಿ ಅರ್ಥಮಾಡಿಕೊಳ್ಳದೆ ಮುಂದೆ ಹೋಗಬಾರದು. ಸಂದೇಶ ಹೋಗದ ಗುಂಪಿನಲ್ಲಿ ನೂರಕ್ಕೆ 70 ಮಂದಿ ಮತ ಹಾಕಿದ್ದರೆ ಸಂದೇಶ ಹೋದ ಗುಂಪಿನಲ್ಲಿ 71 ಮಂದಿ ಹಾಕಿದರು ಎಂದಷ್ಟೇ ಇದರ ಅರ್ಥ. ಲೆಕ್ಕಕ್ಕೆಂದು ಒಂದು ಸಂದೇಶಕ್ಕೆ 20 ಪೈಸೆ ಎಂದಿಟ್ಟುಕೊಳ್ಳಿ. 10,000 ಜನರಿಗೆ ಕಳಿಸಲು 2,000 ರೂಪಾಯಿ; ಹೆಚ್ಚುವರಿಯಾಗಿ ಬಂದ ಮತಗಳು 100; ಒಂದು ಹೆಚ್ಚುವರಿ ಮತಕ್ಕೆ 20 ರೂಪಾಯಿ. ಡೆನ್ಮಾರ್ಕಿನ ಕೆಳ ಅಂದಾಜು 0.3 ನಿಜವಾದರೆ ಅದೇ ಖರ್ಚಿಗೆ 30 ಮತ, ಒಂದಕ್ಕೆ ಸುಮಾರು 67 ರೂಪಾಯಿ. ಆಗಲೂ ಇದು ಮನೆಮನೆಗೆ ಕಾರ್ಯಕರ್ತರನ್ನು ಕಳಿಸುವ ಖರ್ಚಿಗಿಂತ ಅಗ್ಗವೇ. ಪಕ್ಷಗಳು ಎಸ್‌ಎಂಎಸ್‌ಗೆ ಮರುಳಾಗುವುದು ಅದರ ಶಕ್ತಿಗಲ್ಲ, ಅದರ ಅಗ್ಗದ ಬೆಲೆಗೆ.

ಇದೇ ಅಲ್ಪ ಪ್ರಮಾಣವೇ ಸಂಶೋಧಕನಿಗೆ ತಲೆನೋವು. ಎರಡು ಗುಂಪುಗಳಲ್ಲಿ ತಲಾ 10,000 ಮಂದಿ ಇದ್ದು ಮತದಾನ ಶೇ 70ರ ಹತ್ತಿರವಿದ್ದರೆ, ಎರಡು ಗುಂಪುಗಳ ವ್ಯತ್ಯಾಸದ ಪ್ರಮಾಣದೋಷ (ಆಕಸ್ಮಿಕದಿಂದಲೇ ಬರಬಹುದಾದ ಏರುಪೇರಿನ ಅಳತೆ) ಸುಮಾರು 0.65 ಅಂಶ, ಶೇ 95ರ ವಿಶ್ವಾಸಾಂತರ, ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, ಆಚೀಚೆ 1.3 ಅಂಶ. ಅಂದಮೇಲೆ ನಿಜವಾಗಿ 1 ಅಂಶದ ಏರಿಕೆ ಆಗಿದ್ದರೂ ಅದು ಆಕಸ್ಮಿಕವೋ ಅಲ್ಲವೋ ಎಂದು ಹೇಳಲಾಗದು. ಗುಂಪಿಗೆ 50,000 ಮಂದಿಯಾದಾಗ ಆ ಅಂತರ 0.6ರ ಆಸುಪಾಸಿಗೆ ಇಳಿಯುತ್ತದೆ. ಒಂದು ವಾರ್ಡಿನಲ್ಲಿ ಸಂದೇಶ ಕಳಿಸಿ ‘ಮತದಾನ ಏರಿತು’ ಎಂದು ವರದಿ ಬರೆಯುವವರನ್ನು ನಂಬಬಾರದೆಂಬುದಕ್ಕೆ ಈ ಲೆಕ್ಕವೇ ಸಾಕು. ಇದರ ಜೊತೆಗೆ, ಕಳಿಸಿದ ಸಂದೇಶಗಳೆಲ್ಲ ತಲುಪುವುದಿಲ್ಲ. ಹತ್ತರಲ್ಲಿ ಎಂಟು ಮಾತ್ರ ತಲುಪಿ, ಕಳಿಸಿದ ಇಡೀ ಗುಂಪಿನ ಏರಿಕೆ 0.8 ಆಗಿದ್ದರೆ, ತಲುಪಿದವರ ಮೇಲಿನ ಪರಿಣಾಮ 0.8ನ್ನು 0.8ರಿಂದ ಭಾಗಿಸಿದಾಗ ಬರುವ 1 ಅಂಶ. ತಲುಪಿದವರನ್ನಷ್ಟೇ ಆರಿಸಿಕೊಂಡು ನಿಯಂತ್ರಣ ಗುಂಪಿನೊಡನೆ, ಅಂದರೆ ಸಂದೇಶ ಕಳಿಸದ ಗುಂಪಿನೊಡನೆ, ನೇರವಾಗಿ ಹೋಲಿಸುವುದು ತಪ್ಪು. ಫೋನು ಚಾಲ್ತಿಯಲ್ಲಿರುವವರು ಉಳಿದವರಿಗಿಂತ ಮೊದಲೇ ಭಿನ್ನರಾಗಿರುತ್ತಾರೆ.

ಸಂದೇಶದಲ್ಲಿ ಏನಿರಬೇಕು? ಡೆನ್ಮಾರ್ಕಿನ ಅನುಭವದಲ್ಲಿ ಒಕ್ಕಣೆಗೆ ಹೆಚ್ಚಿನ ಮಹತ್ವ ಕಾಣಲಿಲ್ಲ. ಆದರೂ ಒಂದು ಒಕ್ಕಣೆ ಗಮನಕ್ಕೆ ಅರ್ಹ. 2008ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಡೇವಿಡ್ ನಿಕರ್‌ಸನ್ ಮತ್ತು ಟಾಡ್ ರೋಜರ್ಸ್ ದೂರವಾಣಿ ಕರೆಗಳಲ್ಲಿ ‘ಎಷ್ಟು ಹೊತ್ತಿಗೆ ಹೋಗುತ್ತೀರಿ, ಎಲ್ಲಿಂದ ಹೊರಡುತ್ತೀರಿ, ಅದಕ್ಕೂ ಮೊದಲು ಏನು ಮಾಡುತ್ತಿರುತ್ತೀರಿ’ ಎಂದು ಕೇಳಿಸಿದಾಗ ಮತದಾನ ಸುಮಾರು 4 ಅಂಶ ಏರಿತು. ಮನೆಯಲ್ಲಿ ಒಬ್ಬರೇ ಮತದಾರರಿದ್ದಲ್ಲಿ ಏರಿಕೆ ಇನ್ನೂ ಹೆಚ್ಚು. ಇದು ಕರೆಯ ಫಲವೇ ಹೊರತು ಎಸ್‌ಎಂಎಸ್‌ನದಲ್ಲ. ಆದರೆ ಹೀಗೆ ಆ ದಿನದ ಯೋಜನೆಯನ್ನು ಕೇಳುವ ‘ಯೋಜನಾ ಪ್ರಶ್ನೆ’ಯನ್ನು ಸಂದೇಶಕ್ಕೆ ಅಳವಡಿಸಿ ನೋಡಬಹುದು.

ಕನ್ನಡದಲ್ಲಿ ಬರೆಯುವಾಗ ಒಂದು ತಾಂತ್ರಿಕ ತೊಡಕು ಎದುರಾಗುತ್ತದೆ. ಒಂದು ಎಸ್‌ಎಂಎಸ್‌ನಲ್ಲಿ 140 ಬೈಟ್ ಹಿಡಿಯುತ್ತದೆ: ರೋಮನ್ ಲಿಪಿಯ 160 ಚಿಹ್ನೆ, ಯೂನಿಕೋಡ್ ಕನ್ನಡದಲ್ಲಿ ಬರೀ 70. ಅದೂ 70 ಅಕ್ಷರವಲ್ಲ. ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ತೀರ್ಥಹಳ್ಳಿ’ ಓದುವವನಿಗೆ ನಾಲ್ಕು ಅಕ್ಷರ, ಮೊಬೈಲ್ ಜಾಲಕ್ಕೆ ಹತ್ತು ಚಿಹ್ನೆ. ‘ತೀರ್ಥಹಳ್ಳಿ ಮತದಾರರೇ, ನಾಳೆ ಬೆಳಿಗ್ಗೆ 7ರಿಂದ ಮತದಾನ. ಎಷ್ಟು ಹೊತ್ತಿಗೆ ಹೊರಡುತ್ತೀರಿ?’ ಎಂಬ ಸಂದೇಶ 74 ಚಿಹ್ನೆಗಳಾಗಿ ಎರಡು ತುಂಡಾಗುತ್ತದೆ, ಖರ್ಚೂ ಇಮ್ಮಡಿಯಾಗುತ್ತದೆ. ‘ಬೆಳಿಗ್ಗೆ’ಯನ್ನೂ ಅದರ ಜೊತೆಗಿನ ತೆರಪನ್ನೂ ತೆಗೆದರೆ 65, ಒಂದೇ ಸಂದೇಶದಲ್ಲಿ ಮುಗಿಯುತ್ತದೆ. ಪ್ರಚಾರದ ಸಂದೇಶಗಳು ಕಂಗ್ಲಿಷ್ ಲಿಪಿಯಲ್ಲಿ ಬರುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನನ್ನ ಊಹೆ.

ನೆರೆಹೊರೆಯ ಒತ್ತಡದ ವಿಷಯವನ್ನು ಇಲ್ಲಿ ಬೇಗ ಮುಗಿಸಬಹುದು. 2006ರಲ್ಲಿ ಮಿಶಿಗನ್‌ನಲ್ಲಿ ‘ನೀವೂ ನಿಮ್ಮ ನೆರೆಯವರೂ ಮತ ಹಾಕಿದ್ದೀರೋ ಇಲ್ಲವೋ’ ಎಂದು ತೋರಿಸುವ ಪತ್ರ ಮತದಾನವನ್ನು 8 ಅಂಶ ಏರಿಸಿತ್ತು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಪತ್ರವೇ ಬೇಕಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಯಾವ ಒಂಟಿಮನೆಯವರು ಇನ್ನೂ ಬಂದಿಲ್ಲವೆಂದು ಪಟ್ಟಿ ಹಿಡಿದು ಕೂತ ಬೂತ್ ಏಜೆಂಟನಿಗೆ ಗೊತ್ತಿರುತ್ತದೆ, ತೋಟದ ಹಾದಿಯಲ್ಲಿ ಹೇಳಿಕಳಿಸುವುದೂ ನಡೆಯುತ್ತದೆ.

ಕಳಿಸುವವರು ಯಾರೆಂಬುದು ಮುಖ್ಯ ಎಂಬುದಕ್ಕೆ ಕೀನ್ಯಾದ ಉದಾಹರಣೆಯನ್ನು ನೆನಪಿಡಬೇಕು. ಅಲ್ಲಿನ ಚುನಾವಣಾ ಆಯೋಗವೇ 2013ರಲ್ಲಿ ಸುಮಾರು 1.1 ಕೋಟಿ ಸಂದೇಶಗಳನ್ನು ಕಳಿಸಿತು. ಮತದಾನ ತುಸು ಏರಿತು. ಆದರೆ ಸಂದೇಶ ಪಡೆದವರಲ್ಲಿ ಚುನಾವಣಾ ವ್ಯವಸ್ಥೆಯ ಮೇಲಿನ ನಂಬಿಕೆ ಕುಗ್ಗಿತು. ಆ ಚುನಾವಣೆಯಲ್ಲಿ ಮತದಾರರನ್ನು ಗುರುತಿಸುವ ಮತ್ತು ಫಲಿತಾಂಶ ರವಾನಿಸುವ ವಿದ್ಯುನ್ಮಾನ ವ್ಯವಸ್ಥೆಗಳು ಕೈಕೊಟ್ಟಿದ್ದವು. ಸಂದೇಶ ನಿರೀಕ್ಷೆಯನ್ನು ಹೆಚ್ಚಿಸಿತ್ತು, ವ್ಯವಸ್ಥೆ ಅದನ್ನು ಉಳಿಸಿಕೊಳ್ಳಲಿಲ್ಲ.

ಭಾರತದಲ್ಲಿ ಕಾನೂನು ಈ ಚಿತ್ರವನ್ನೇ ಬದಲಿಸುತ್ತದೆ. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆಗಳಲ್ಲಿ ರಾಜಕೀಯ ಸ್ವರೂಪದ ಸಗಟು ಎಸ್‌ಎಂಎಸ್‌ಗೆ ಚುನಾವಣಾ ಆಯೋಗದ ನಿಷೇಧವಿದೆ. ಅದಕ್ಕೂ ಮೊದಲಿನ ಸಗಟು ಸಂದೇಶಗಳಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು. ಪ್ರಯೋಗಗಳಲ್ಲಿ ಮೊದಲು ಗೆದ್ದದ್ದು ಮುನ್ನಾದಿನದ ನೆನಪೇ ಆದ್ದರಿಂದ, ಪಕ್ಷಗಳ ಕೈಯಿಂದ ಈ ಉಪಕರಣದ ಮೊನೆಯೇ ಜಾರಿಹೋಗಿದೆ. ಮುನ್ನಾದಿನದ ಸಂದೇಶ ನಮ್ಮಲ್ಲಿ ಆಯೋಗದ ಮತ್ತು ಅದರ ಮತದಾರ ಜಾಗೃತಿ ಕಾರ್ಯಕ್ರಮ ಸ್ವೀಪ್‌ನ ಕೆಲಸ.

ಶಿವಮೊಗ್ಗ ಜಿಲ್ಲೆಗೆ ಇದನ್ನು ಹೊಂದಿಸುವಾಗ ನನಗೆ ಕಾಣುವುದು ಬೇರೆಯೇ ಒಂದು ಗುಂಪು. ತೀರ್ಥಹಳ್ಳಿಯಂಥ ಗ್ರಾಮೀಣ ಕ್ಷೇತ್ರಗಳಲ್ಲಿ ಮತದಾನ ಮೊದಲೇ ಹೆಚ್ಚು. ಅಲ್ಲಿ ಏರಲು ಉಳಿದಿರುವ ಜಾಗ ಕಡಿಮೆ. ಹೆಸರು ಊರಿನ ಪಟ್ಟಿಯಲ್ಲಿದ್ದು ಕೆಲಸ ಬೆಂಗಳೂರಿನಲ್ಲಿರುವ ಹುಡುಗ ಹುಡುಗಿಯರ ವಿಷಯ ಹಾಗಲ್ಲ. ವಿಧಾನಸಭೆಗೆ 2023ರ ಮೇ 10, ಬುಧವಾರ. ಲೋಕಸಭೆಗೆ 2024ರ ಮೇ 7, ಮಂಗಳವಾರ. ವಾರದ ನಡುವಿನ ರಜೆಗೆ ಹಿಂದಿನ ರಾತ್ರಿಯ ಬಸ್ಸು ಹಿಡಿದು ಬಂದು, ಮರುರಾತ್ರಿ ವಾಪಸು ಹೊರಡಬೇಕು. ಇಂಥವರಿಗೆ ಮುನ್ನಾದಿನ ಸಂಜೆಯ ನೆನಪು ಬಂದರೇನು, ಬಿಟ್ಟರೇನು. ಸೀಟು ಆಗಲೇ ಭರ್ತಿಯಾಗಿರುತ್ತದೆ. ಹತ್ತು ಹನ್ನೆರಡು ದಿನ ಮೊದಲು ‘ಟಿಕೆಟ್ ಮಾಡಿಸಿದಿರಾ?’ ಎಂದು ಕೇಳುವ ಸಂದೇಶವೇ ಇವರ ಪಾಲಿನ ಯೋಜನಾ ಪ್ರಶ್ನೆ. ಅದು 48 ಗಂಟೆಗಳ ನಿಷೇಧಕ್ಕೂ ಸಿಲುಕುವುದಿಲ್ಲ. ಮತದಾನದ ದಿನದ ಸವೇತನ ರಜೆ ಜನಪ್ರತಿನಿಧಿ ಕಾಯ್ದೆಯ 135ಬಿ ಕಲಮಿನಲ್ಲಿದೆ ಎಂಬ ಒಂದು ಸಾಲನ್ನೂ ಸೇರಿಸಬಹುದು. ಎಷ್ಟೋ ಮಂದಿಗೆ ಅದು ತಿಳಿದಿರುವುದಿಲ್ಲ.

ಇದನ್ನು ಪರೀಕ್ಷಿಸುವುದು ಹೇಗೆ? ಅಮೆರಿಕದಲ್ಲಿ ಯಾರು ಮತ ಹಾಕಿದರೆಂಬ ದಾಖಲೆ ಸಂಶೋಧಕರಿಗೆ ಸಿಗುತ್ತದೆ. ಅಲ್ಲಿ ಇಷ್ಟೊಂದು ಪ್ರಯೋಗಗಳು ನಡೆದಿರುವುದಕ್ಕೆ ಮುಖ್ಯ ಕಾರಣ ಅದೇ. ನಮ್ಮಲ್ಲಿ ಗುರುತು ಹಾಕಿದ ಮತದಾರರ ಪಟ್ಟಿಯ ಮೊಹರಾದ ಲಕೋಟೆಯನ್ನು ನ್ಯಾಯಾಲಯದ ಆದೇಶವಿಲ್ಲದೆ ತೆರೆಯುವಂತಿಲ್ಲ. ಆದ್ದರಿಂದ ವ್ಯಕ್ತಿಯನ್ನು ಬಿಟ್ಟು ಮತಗಟ್ಟೆಯನ್ನೇ ಘಟಕವಾಗಿಟ್ಟುಕೊಳ್ಳಬೇಕು: ಕೆಲವು ಮತಗಟ್ಟೆಗಳ ವ್ಯಾಪ್ತಿಗೆ ಲಾಟರಿಯಿಂದ ಸಂದೇಶ ಕಳಿಸಿ, ಅಂತಿಮ ಫಲಿತಾಂಶದ ಹಾಳೆಯಾದ ನಮೂನೆ 20ರಲ್ಲಿ ಸಿಗುವ ಮತಗಟ್ಟೆವಾರು ಮತಗಳನ್ನು ಹೋಲಿಸಬೇಕು. ಒಬ್ಬರ ಫೋನಿಗೆ ಬಂದ ಸಂದೇಶವನ್ನು ಮನೆಯವರೆಲ್ಲ ಓದುವುದರಿಂದಲೂ ಇದೇ ಸರಿಯಾದ ಕ್ರಮ. ಆದರೆ ಒಂದೇ ಮತಗಟ್ಟೆಯ ಜನ ಪರಸ್ಪರ ಹೋಲುವುದರಿಂದ, ತಲೆಗಳ ಎಣಿಕೆಗಿಂತ ಮತಗಟ್ಟೆಗಳ ಎಣಿಕೆಯೇ ಮುಖ್ಯ, ಅದು ದೊಡ್ಡದಿರಬೇಕು. ಜಿಲ್ಲೆಯ ಒಂದೆರಡು ಹೋಬಳಿ ಸಾಲದು. ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನಾಚೆ, ತುಮರಿ ಕಡೆಯ ಸಿಗ್ನಲ್ ಸರಿಯಾಗಿ ಸಿಗದ ಊರುಗಳನ್ನು ‘ಸಂದೇಶ ತಲುಪದವು, ಹಾಗಾಗಿ ನಿಯಂತ್ರಣ ಗುಂಪು’ ಎಂದು ಸುಲಭವಾಗಿ ಸೇರಿಸಿಕೊಳ್ಳುವ ಆಸೆಯಾಗುತ್ತದೆ. ಹಾಗೆ ಮಾಡಬಾರದು. ಸಿಗ್ನಲ್ ಇಲ್ಲದ ಊರಿಗೆ ರಸ್ತೆ, ಬಸ್ಸು, ಮತಗಟ್ಟೆಯ ದೂರ ಎಲ್ಲವೂ ಬೇರೆಯೇ ಆಗಿರುತ್ತವೆ. ಅಂಥ ಮತಗಟ್ಟೆಗಳನ್ನು ಲಾಟರಿಗೆ ಮೊದಲೇ ಪ್ರತ್ಯೇಕ ಪದರವಾಗಿ ಇಟ್ಟು, ಅವುಗಳೊಳಗೇ ಎರಡು ಗುಂಪು ಮಾಡಬೇಕು.