ಲಾಜಿಸ್ಟಿಕ್ಸ್ ಎಂದರೆ ಲಾರಿಯಲ್ಲ

ಭಿವಂಡಿಯ ಗೋದಾಮುಗಳಿಂದ ಚಾಕಣದ ಕಾರ್ಖಾನೆಗಳವರೆಗೆ, ಎರಡು ಲಾರಿ ಇಟ್ಟುಕೊಂಡವರೂ ಬೋರ್ಡಿನ ಮೇಲೆ ‘ಲಾಜಿಸ್ಟಿಕ್ಸ್’ ಎಂದು ಬರೆಸುತ್ತಾರೆ. ಅದು ಅವರ ವ್ಯಾಪಾರ, ತಕರಾರಿಲ್ಲ. ಆದರೆ ಯುದ್ಧದ ಬಗ್ಗೆ ಕನ್ನಡದಲ್ಲಿ ಬರೆಯುವವರೂ ಅದೇ ಬೋರ್ಡಿನ ಅರ್ಥವನ್ನು ಎತ್ತಿಕೊಂಡು, ‘ಸಾಗಾಟದ ತೊಂದರೆ ಮತ್ತು ಭ್ರಷ್ಟಾಚಾರದಿಂದ ಸೇನೆ ಸೋತಿತು’ ಎಂದು ಎರಡನ್ನೂ ಬೇರೆ ಬೇರೆ ರೋಗಗಳಂತೆ ಬರೆಯುತ್ತಾರೆ. ಇದನ್ನು ಎಷ್ಟು ಸಲ ಓದುವುದು? ಸಾಗಾಟ ಲಾಜಿಸ್ಟಿಕ್ಸ್‌ನ ಒಂದು ಅಂಗ ಮಾತ್ರ. ಅದರ ತಲೆ ಇರುವುದು ಲೆಕ್ಕದಲ್ಲಿ: ಎಷ್ಟು ಜನ, ಎಲ್ಲಿದ್ದಾರೆ, ಕೈಯಲ್ಲಿ ಇವತ್ತು ಎಷ್ಟಿದೆ, ನಾಳೆಗೆ ಎಷ್ಟು ಬೇಕು. ಭ್ರಷ್ಟಾಚಾರ ಮೊದಲು ಕೆಡಿಸುವುದು ಈ ಲೆಕ್ಕವನ್ನೇ.

ಪದ ‘ಲಾಜಿಕ್’ನಿಂದ ಬಂದದ್ದೆಂದು ಹಲವರು ನಂಬಿದ್ದಾರೆ. ಗ್ರೀಕಿನಲ್ಲಿ ಲೆಕ್ಕದ ಕಲೆಗೆ ‘ಲೊಗಿಸ್ಟಿಕೆ’ ಎಂಬ ಹೆಸರಿದ್ದದ್ದು ನಿಜ, ಆದರೆ ಸೇನೆಯ ಅರ್ಥ ಹೊಕ್ಕ ಬಾಗಿಲು ಬೇರೆ. ಮೊದಲು ನೆಪೋಲಿಯನ್ನನ ಸೇನೆಯಲ್ಲಿ, ಆಮೇಲೆ ರಷ್ಯಾದ ಸೇವೆಯಲ್ಲಿದ್ದ ಸ್ವಿಸ್ ಅಧಿಕಾರಿ ಜೊಮಿನಿ, 1838ರಲ್ಲಿ ಪ್ರಕಟಿಸಿದ ಯುದ್ಧಕಲೆಯ ಗ್ರಂಥದಲ್ಲಿ ಇದನ್ನು ಫ್ರೆಂಚಿನ ‘ಲೊಜಿ’ಗೆ ಜೋಡಿಸಿದ. ಲೊಜಿ ಎಂದರೆ ತಂಗುವ ಜಾಗ. ದಾದರ್ ಸ್ಟೇಷನ್ನಿನ ಹೊರಗೆ ಕಾಣುವ ‘ಲಾಡ್ಜ್’ ಕೂಡ ಅದೇ ಬೇರಿನದು. ದಂಡು ಇವತ್ತು ರಾತ್ರಿ ಎಲ್ಲಿ ಇಳಿಯಬೇಕು, ಯಾವ ತುಕಡಿ ಯಾವ ದಾರಿ ಹಿಡಿಯಬೇಕು ಎಂದು ನೋಡುವ ಅಧಿಕಾರಿಯ ಹುದ್ದೆಯ ಹೆಸರಿನಲ್ಲೇ ಆ ಪದವಿತ್ತು. ಕನ್ನಡಕ್ಕೆ ಇದು ಹೊಸ ಯೋಚನೆಯಲ್ಲ. ಶಾಸನಗಳ ‘ಬೀಡು’, ನಮ್ಮ ‘ಬಿಡಾರ’ ಎರಡೂ ದಂಡು ಇಳಿದ ಜಾಗದ ಮಾತುಗಳೇ. ಬೀಡು ಬಿಡಿಸುವವನಿಗೆ ಮೊದಲು ತಲೆ ಎಣಿಕೆ ಬೇಕು. ತಲೆ ಗೊತ್ತಾದರೆ ಹಿಟ್ಟು, ನೀರು, ಮೇವು, ಸೌದೆ ಎಲ್ಲವೂ ಲೆಕ್ಕಕ್ಕೆ ಸಿಗುತ್ತವೆ. ಗಾಡಿ ಬರುವುದು ಅದರ ನಂತರ.

‘ಸರಬರಾಜು’ ಕೂಡ ಹೀಗೆಯೇ. ಪಾರಸಿಯ ‘ಸರ್‌ಬರಾಹ್’ ಎಂದರೆ ವ್ಯವಸ್ಥೆ ನೋಡಿಕೊಳ್ಳುವವನು, ನಿರ್ವಾಹಕ. ಮೂಲದಲ್ಲಿ ಹೊರುವವನಲ್ಲ, ನೋಡಿಕೊಳ್ಳುವವನು. ಆದ್ದರಿಂದ ಲಾಜಿಸ್ಟಿಕ್ಸ್‌ಗೆ ಕನ್ನಡ ಬೇಕೆಂದಾಗ ಸಾಗಾಟಕ್ಕಿಂತ ಸರಬರಾಜೇ ಮೇಲು.

ಲೆಕ್ಕ ಎಷ್ಟು ಬಿಗಿ ಎಂಬುದಕ್ಕೆ ಎತ್ತುಗಳ ಕಾಲದ ಉದಾಹರಣೆ ಸಾಕು. ದಂಡಿನ ಹಿಂದೆ ಲಮಾಣಿಗಳು ಹೇರೆತ್ತಿನ ಮೇಲೆ ಧಾನ್ಯ ತರುತ್ತಿದ್ದರು. ಕಾದುವವರೂ ದಂಡಿನ ಹಿಂದೆ ಬರುವ ಪರಿವಾರದವರೂ ಸೇರಿ 20,000 ಬಾಯಿ, ಬಾಯಿಗೆ ದಿನಕ್ಕೆ ಒಂದು ಕಿಲೋ ಎಂದರೆ 20 ಟನ್. ಎತ್ತಿಗೆ 100 ಕಿಲೋ ಹೇರಿದರೆ ದಿನಕ್ಕೆ 200 ಎತ್ತು. ಧಾನ್ಯ ಸಿಗುವ ಊರು ಹತ್ತು ದಿನದ ದಾರಿಯಾದರೆ ಹೋಗಿ ಬರಲು ಇಪ್ಪತ್ತು ದಿನ, ಅಂದರೆ 4,000 ಎತ್ತು ಸದಾ ದಾರಿಯಲ್ಲಿರಬೇಕು. ದೂರ ದುಪ್ಪಟ್ಟಾದರೆ ಎತ್ತೂ ದುಪ್ಪಟ್ಟು. ಇದರಲ್ಲಿ ಕುದುರೆಯ ಮೇವು, ಆ ಎತ್ತುಗಳದೇ ಮೇವು ಸೇರಿಲ್ಲ. ಪುಣೆಯವರು ಈಗಲೂ ಹೇಳುವ ‘ಬಾಜಾರಬುಣಗೆ’ ಎಂದರೆ ಇದೇ ಪರಿವಾರ. ಪಾಣಿಪತ್ತಿನಲ್ಲಿ ಮರಾಠರ ದಂಡಿನೊಂದಿಗಿದ್ದ ಅವರೂ ಯಾತ್ರಿಕರೂ ಕಾದುವವರ ಜತೆ ಅದೇ ಕಣಜದಿಂದ ಉಣ್ಣಬೇಕಿತ್ತು. ದವಸ, ಹಣ ಒದಗಿಸುತ್ತಿದ್ದ ಗೋವಿಂದಪಂತ ಬುಂದೇಲೆ 1760ರ ಡಿಸೆಂಬರಿನಲ್ಲಿ ಹತನಾದ ಮೇಲೆ ದಂಡು ಹಸಿವಿನಿಂದಲೇ 1761ರ ಜನವರಿ 14ರ ಕಾಳಗಕ್ಕೆ ಇಳಿಯಿತು.

ಕಳವಿಲ್ಲದೆಯೂ ಲೆಕ್ಕ ಕೆಡಬಹುದು. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ, ಹೋದ ಬ್ರಿಟಿಷ್ ಭಾರತದ ಸೇನೆಯ 6ನೆಯ ಪೂನಾ ಡಿವಿಜನ್ನಿನ ಕಥೆ ಅದು. ಮುಂಬಯಿಯಿಂದ ಹಡಗು ಬರುತ್ತಿದ್ದವು, ಬಾಸ್ರಾದಲ್ಲಿ ಅವನ್ನು ತಾಗಿಸಲು ಧಕ್ಕೆ, ಅಂದರೆ ಹಡಗುಕಟ್ಟೆ, ಇರಲಿಲ್ಲ. ನಡುನೀರಿನಲ್ಲಿ ನಿಂತು ಸಣ್ಣ ದೋಣಿಗಳಿಗೆ ಇಳಿಸಬೇಕು, ಹಡಗುಗಳು ವಾರಗಟ್ಟಲೆ ಕಾಯಬೇಕು. ಅಲ್ಲಿಂದ ಮೇಲಕ್ಕೆ ಟೈಗ್ರಿಸ್ ನದಿಯ ಆಳವಿಲ್ಲದ ನೀರಿನಲ್ಲಿ ಓಡಬಲ್ಲ ಸ್ಟೀಮರುಗಳೂ ಸಾಲದು. ಅಂದರೆ ಸರಕಿತ್ತು, ಇಳಿಸುವ ತಾಕತ್ತಿರಲಿಲ್ಲ. 1915ರ ಡಿಸೆಂಬರ್ 7ರಿಂದ ಕೂಟ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕ ಡಿವಿಜನ್ನಿನ ದಂಡನಾಯಕ ಜನರಲ್ ಟೌನ್‌ಶೆಂಡ್, ಊರೊಳಗಿನ ಧಾನ್ಯವನ್ನು ಮೊದಲು ಸರಿಯಾಗಿ ಎಣಿಸಲೇ ಇಲ್ಲ. ಬೇಗ ಬನ್ನಿ ಎಂಬ ಅವನ ಒತ್ತಾಯಕ್ಕೆ ನೆರವಿನ ಪಡೆ ಪೂರ್ತಿ ಕೂಡುವ ಮೊದಲೇ ಜನವರಿಯಲ್ಲಿ ಮೂರು ಸಲ ಹೋರಾಡಿತು. ಆಮೇಲೆ ಮನೆಮನೆ ಹುಡುಕಿ, ಕುದುರೆಗಳನ್ನೂ ಆಹಾರಕ್ಕೆ ಹಿಡಿದು ನೋಡಿದಾಗ ಇನ್ನೂ 84 ದಿನ ತಡೆಯಬಹುದೆಂದು ತಿಳಿಯಿತು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಅವರನ್ನು ಬಿಡಿಸಲು ಹೋದ ಪಡೆಯಲ್ಲಿ ಸತ್ತು ಗಾಯಗೊಂಡವರು ಸುಮಾರು 23,000. ಮಾರನೆಯ ವರ್ಷ ಧಕ್ಕೆ, ರೈಲು, ಸ್ಟೀಮರು ಸಜ್ಜಾದ ಮೇಲೆ ಬಾಗ್ದಾದು ಸಿಕ್ಕಿತು.

ಈಗ ಇದೇ ಲೆಕ್ಕಕ್ಕೆ ಕಳವನ್ನು ಸೇರಿಸಿ. ನೂರಕ್ಕೆ ಹತ್ತು ಸೋರಿದರೆ ಹತ್ತೇ ಪಾಲು ನಷ್ಟ ಎಂದುಕೊಳ್ಳಬಾರದು. ಪಟ್ಟಿಯಲ್ಲಿ 20 ದಿನದ ದಾಸ್ತಾನಿದೆ, ಗೋದಾಮಿನಲ್ಲಿರುವುದು 18 ದಿನದ್ದು. ದಂಡನಾಯಕ 20 ದಿನ ನಂಬಿ ಮುಂದೆ ನುಗ್ಗುತ್ತಾನೆ, 19ನೆಯ ದಿನ ಅತಿ ದೂರದ ತುಕಡಿ ಖಾಲಿ. ಡೀಸೆಲ್ಲನ್ನೇ ನೋಡಿ. ಒಂದು ಪೀಪಾಯಿ ಮಾರಿದವನು ಇಂಧನದ ರಿಜಿಸ್ಟರಿನಲ್ಲಿ ಖರ್ಚು ತೋರಿಸಬೇಕು. ಅದಕ್ಕೆ ಹೊಂದುವಂತೆ ಗಾಡಿಯ ಲಾಗ್ ಬುಕ್ಕಿನಲ್ಲಿ ಓಡದ ಕಿಲೋಮೀಟರು ಬರೆಯಬೇಕು. ಆ ಕಿಲೋಮೀಟರಿಗೆ ತಕ್ಕಂತೆ ಸರ್ವಿಸ್ ಆಯಿತೆಂದೂ ಬರೆಯಬೇಕು. ಹೀಗೆ ಒಂದೇ ಕಳವಿಗೆ ಮೂರು ದಾಖಲೆ ಸುಳ್ಳಾಗುತ್ತವೆ, ಬಿಡಿಭಾಗಗಳ ಬೇಡಿಕೆಯೂ ಅದೇ ಸುಳ್ಳಿನ ಮೇಲೆ ಹೊರಡುತ್ತದೆ. ಆ ಗಾಡಿ ತಿಂಗಳುಗಟ್ಟಲೆ ಬಿಸಿಲಲ್ಲಿ ಒಂದೇ ಕಡೆ ಭಾರ ಹೊತ್ತು ನಿಂತಿರುತ್ತದೆ, ಟೈರಿನ ಪಕ್ಕ ಬಿರುಕು ಬಿಟ್ಟಿರುತ್ತದೆ. ಕೆಸರಿನಲ್ಲಿ ಗಾಳಿ ಇಳಿಸಿ ಓಡಿಸಿದರೆ ಅಲ್ಲೇ ಹರಿಯುತ್ತದೆ.

ತಲೆ ಎಣಿಕೆಯ ಕಳವು ಇನ್ನೂ ಹಳೆಯದು. ಪಕ್ಕದ ಸರದಾರನ ಕುದುರೆ ತಂದು ಹಾಜರಿ ತೋರಿಸಿ ಹಿಂದಿರುಗಿಸುವುದನ್ನು ತಡೆಯಲೆಂದೇ ಅಲಾವುದ್ದೀನ್ ಖಿಲ್ಜಿಯೂ ಆಮೇಲೆ ಅಕ್ಬರನೂ ಕುದುರೆಗೆ ‘ದಾಗು’ ಅಂದರೆ ಬರೆ, ಸಿಪಾಯಿಗೆ ‘ಚೆಹರಾ’ ಅಂದರೆ ಮುಖಲಕ್ಷಣದ ದಾಖಲೆ ಕಡ್ಡಾಯ ಮಾಡಿದರು. ನಮ್ಮ ಪೊಲೀಸ್ ಠಾಣೆಯ ‘ಚಹರೆ ಪಟ್ಟಿ’ಯಲ್ಲಿ ಆ ಪದ ಇನ್ನೂ ಬದುಕಿದೆ. ಇರಾಕಿನಲ್ಲಿ 2014ರ ಜೂನಿನಲ್ಲಿ ಮೋಸುಲ್ ನಗರ ಐಸಿಸ್ ಉಗ್ರರ ಕೈಗೆ ಬಿದ್ದ ಬಳಿಕ, ಅದೇ ವರ್ಷ ಪ್ರಧಾನಿ ಹೈದರ್ ಅಲ್ ಅಬಾದಿ 50,000 ಸುಳ್ಳು ಹೆಸರುಗಳು ಸೇನೆಯ ಸಂಬಳದ ಪಟ್ಟಿಯಲ್ಲಿದ್ದವೆಂದು ಬಹಿರಂಗಪಡಿಸಿದರು. ಸಂಬಳ ಅಧಿಕಾರಿಗಳ ಜೇಬಿಗೆ, ಕಾವಲಿನ ಜಾಗ ಖಾಲಿ.

ಉಕ್ರೇನ್ ಯುದ್ಧದಲ್ಲಿ ಇದು ಎರಡೂ ಕಡೆ ಕಂಡಿದೆ. ರಷ್ಯಾದಲ್ಲಿ 2008ರಿಂದ ಸರಬರಾಜಿನ ಹೊಣೆ ಹೊತ್ತಿದ್ದ ಉಪ ರಕ್ಷಣಾ ಸಚಿವ ದ್ಮಿತ್ರಿ ಬುಲ್ಗಾಕೊವ್ 2022ರ ಸೆಪ್ಟೆಂಬರಿನಲ್ಲಿ ಹುದ್ದೆ ಕಳೆದುಕೊಂಡು, 2024ರಲ್ಲಿ ಭ್ರಷ್ಟಾಚಾರದ ಆರೋಪದಲ್ಲಿ ಬಂಧನಕ್ಕೊಳಗಾದರು. ಉಕ್ರೇನಿನಲ್ಲಿ 2023ರ ಜನವರಿಯಲ್ಲಿ, ಅಂಗಡಿಯಲ್ಲಿ 7 ಹ್ರಿವ್ನಿಯಾ ಆಸುಪಾಸಿನ ಮೊಟ್ಟೆಗೆ ಸೇನೆಯ ಗುತ್ತಿಗೆಯಲ್ಲಿ 17 ಬರೆದದ್ದನ್ನು ಪತ್ರಕರ್ತರು ಹೊರಗೆಳೆದರು, ಉಪ ಸಚಿವರು ರಾಜೀನಾಮೆ ಕೊಟ್ಟರು.

‘ಲಾಜಿಸ್ಟಿಕ್ಸ್ ವೈಫಲ್ಯ’ ಎಂದು ಬರೆಯುವವರು ದಯವಿಟ್ಟು ಯಾವ ವೈಫಲ್ಯವೆಂದು ಬಿಡಿಸಿ ಬರೆಯಬೇಕು. ಸರಕೇ ಇರಲಿಲ್ಲವೇ, ಸರಕಿದ್ದು ಗಾಡಿ ಇರಲಿಲ್ಲವೇ, ಗಾಡಿಯಿದ್ದು ಇಳಿಸುವ ಜಾಗ ಇರಲಿಲ್ಲವೇ, ಅಥವಾ ಪಟ್ಟಿಯೇ ಸುಳ್ಳಾಗಿತ್ತೇ? ಬಾಸ್ರಾದಲ್ಲಿ ಆದದ್ದು ಮೂರನೆಯದು, ಮೋಸುಲ್‌ನಲ್ಲಿ ನಾಲ್ಕನೆಯದು.