ಅಮ್ಮನ ಬೆನ್ನುನೋವು ಕಡತದಲ್ಲಿ ಇರಲಿಲ್ಲ

ಕಾಪು ಕಡೆಯ ಆ ಹೆಂಚಿನ ಮನೆಯ ಗೋಡೆಗೆ ಹಾಳೆಯೊಂದನ್ನು ಅಂಟಿಸಿದ್ದರು. ಹದಿನೇಳು ವರ್ಷದ ಮಗನಿಗೆ ದಿನಕ್ಕೆರಡು ಸಲ ಮಾಡಿಸಬೇಕಾದ ಹನ್ನೊಂದು ವ್ಯಾಯಾಮಗಳ ಪಟ್ಟಿ. ಫಿಸಿಯೋಥೆರಪಿಸ್ಟ್ ಆಗಿ ಅದನ್ನು ಬರೆದುಕೊಟ್ಟವಳು ನಾನೇ. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗಾದ ಹಾನಿಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ, ಜೊತೆಗೆ ಅಪಸ್ಮಾರ (ಫಿಟ್ಸ್). ಮಾತಿಲ್ಲ, ಕೈತುತ್ತೇ ಊಟ. ಕಾಲುಗಳ ಬಿಗಿತ ಹೆಚ್ಚಿತ್ತು. "ವ್ಯಾಯಾಮ ನಡೆಯುತ್ತಿಲ್ಲವೇ ಅಕ್ಕ?" ಎಂದು ಅವನ ತಾಯಿಯನ್ನು ಕೇಳಿದೆ. ಅವರು ಮಡಿಲಿನ ಮೊರವನ್ನು ಪಕ್ಕಕ್ಕಿಟ್ಟು, "ಮೇಡಂ, ಅಷ್ಟನ್ನೂ ಮಾಡಿಸಿದರೆ ಬೀಡಿ ಕಟ್ಟುವುದು ಯಾವಾಗ?" ಎಂದರು.

ಆ ಪಟ್ಟಿಯನ್ನು ಬರೆಯುವಾಗ ನಾನು ಹುಡುಗನ ಮಂಡಿ, ಸೊಂಟ, ಪಾದಗಳನ್ನು ಅಳೆದಿದ್ದೆ. ಇದನ್ನೆಲ್ಲ ಯಾರು, ಯಾವ ಹೊತ್ತಿನಲ್ಲಿ ಮಾಡಿಸಬೇಕು ಎಂದು ಕೇಳಿರಲಿಲ್ಲ. ಮಗನನ್ನು ದಿನಕ್ಕೆ ಎಂಟು ಹತ್ತು ಸಲ ಎತ್ತಿ ಇಳಿಸುವ ಆ ತಾಯಿಯ ಬೆನ್ನು ಹೇಗಿದೆ ಎಂದೂ ಕೇಳಿರಲಿಲ್ಲ. ಅದು ನನ್ನ ತಪ್ಪು. ನನ್ನ ವೃತ್ತಿಯ ಅನೇಕರು ಇಂದಿಗೂ ಹೀಗೆಯೇ ಮಾಡುತ್ತಾರೆಂಬುದು ನನಗೆ ನೋವಿನ ಸಂಗತಿ.

ಪಟ್ಟಿಯನ್ನು ತೆಗೆಸಿದೆ. ಅವರ ದಿನ ಹೇಗೆ ಸಾಗುತ್ತದೆಂದು ಬೆಳಗಿನಿಂದ ರಾತ್ರಿಯವರೆಗೆ ಕೂತು ಕೇಳಿದೆ. ಸ್ನಾನಕ್ಕೆ ಮೊದಲು ಹೇಗೂ ಎಣ್ಣೆ ಹಚ್ಚುತ್ತಾರೆ. ಆಗಲೇ ಮಂಡಿಯನ್ನು ನಿಧಾನವಾಗಿ ನೇರ ಮಾಡಿ, ಪಾದವನ್ನು ಮೇಲಕ್ಕೆ ಬಾಗಿಸಿ ಅರ್ಧ ನಿಮಿಷ ಹಿಡಿಯಬಹುದು. ಬಟ್ಟೆ ಬದಲಿಸುವಾಗ ತೊಡೆಗಳನ್ನು ಅಗಲಿಸಬಹುದು. ಬೇರೆ ಸಮಯ ಬೇಕಾಗಲಿಲ್ಲ. ಮಂಚದ ಕಾಲುಗಳ ಕೆಳಗೆ ಮರದ ದಿಮ್ಮಿಗಳನ್ನಿಟ್ಟು ಅದನ್ನು ಅವರ ಸೊಂಟದ ಎತ್ತರಕ್ಕೆ ತಂದೆವು. ಮಗನನ್ನು ಹಾಸಿಗೆಯಲ್ಲಿ ಸರಿಸಬೇಕಾದಾಗ ಕೆಳಗೆ ಮಡಚಿ ಹಾಸಿದ ದಪ್ಪ ಬೆಡ್‌ಶೀಟನ್ನು ಇಬ್ಬರು ಎರಡು ಬದಿಯಿಂದ ಹಿಡಿದು ಎಳೆದರೆ ಸಾಕು, ಕಂಕುಳಿಗೆ ಕೈ ಹಾಕಿ ಎತ್ತಬೇಕಿಲ್ಲ.

ಅವರಿಗೆ ನಾನು ಕಲಿಸಿದ್ದಕ್ಕಿಂತ ಅವರಿಂದ ನಾನು ಕಲಿತದ್ದು ಹೆಚ್ಚು. ನೀರು ಕುಡಿಸಿದರೆ ಹುಡುಗನಿಗೆ ಕೆಮ್ಮು ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ. ಕುಚ್ಚಲಕ್ಕಿ ಗಂಜಿಯನ್ನು ಮಂದವಾಗಿ ಅರೆದುಕೊಟ್ಟರೆ ಕೆಮ್ಮು ಬರುವುದಿಲ್ಲ. ತೆಳು ದ್ರವ ಶ್ವಾಸನಾಳಕ್ಕೆ ಜಾರುವ ಅಪಾಯದ ಲಕ್ಷಣವಿದು. ಅವರು ಅದನ್ನು ವರ್ಷಗಳ ಹಿಂದೆಯೇ ಗುರುತಿಸಿದ್ದರು. ಆದರೂ ಒಮ್ಮೆ ಆಸ್ಪತ್ರೆಗೆ ಸೇರಿಸಿದಾಗ ಅವರನ್ನು ವಾರ್ಡಿನ ಹೊರಗೆ ನಿಲ್ಲಿಸಿ, ಮಲಗಿದ್ದ ಮಗನಿಗೆ ಚಮಚದಲ್ಲಿ ನೀರು ಹಾಕಿದ್ದರಂತೆ. ಇದನ್ನು ಕೇಳಿದ ಮೇಲೆ ನಾನು ಪ್ರತಿಯೊಂದು ಮನೆಯಲ್ಲೂ ಒಂದು ಪುಟ ಬರೆಸುತ್ತೇನೆ. ಹೌದು ಎನ್ನಲು ಏನು ಮಾಡುತ್ತಾನೆ, ನೋವಾದರೆ ಮುಖ ಹೇಗಾಗುತ್ತದೆ, ಹೇಗೆ ಕೂರಿಸಿ ಉಣ್ಣಿಸಬೇಕು, ಊಟದ ನಂತರ ಅರ್ಧ ಗಂಟೆ ಮಲಗಿಸಬಾರದು, ಫಿಟ್ಸ್ ಐದು ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ. ಆಸ್ಪತ್ರೆಗೆ ಹೋಗುವಾಗ ಆ ಪುಟವೂ ಜೊತೆಗಿರಬೇಕು. ಅದನ್ನು ಓದಿ ತಾಯಿಯನ್ನು ಒಳಗೆ ಕರೆಯುವ ನರ್ಸ್ ಅರ್ಧ ಚಿಕಿತ್ಸೆ ಮಾಡಿದಂತೆಯೇ ಸರಿ.

ಇಲ್ಲಿನ ಮಳೆಗಾಲದ ಬಗ್ಗೆ ಹೇಳಲೇಬೇಕು. ದೊಡ್ಡ ಹುಡುಗನ ಒದ್ದೆ ಬಟ್ಟೆ, ಹೊದಿಕೆ ವಾರವಾದರೂ ಒಣಗುವುದಿಲ್ಲ. ಚರ್ಮ ಒದ್ದೆಯಲ್ಲೇ ಉಳಿದರೆ, ಒಂದೇ ಮಗ್ಗುಲಲ್ಲಿ ಮಲಗಿ ಒತ್ತಿದ ಕಡೆ ಆಗುವ ಒತ್ತಡದ ಹುಣ್ಣು ಬೇಗ ಏಳುತ್ತದೆ, ಹಾಗಾಗಿ ರಾತ್ರಿಯೂ ಎದ್ದು ಮಗ್ಗುಲು ಬದಲಿಸಬೇಕು. ಆ ತಾಯಿ ಪೂರ್ತಿ ರಾತ್ರಿ ಮಲಗಿದ್ದು ಯಾವಾಗ ಎಂದು ಕೇಳಿದರೆ ಅವರಿಗೇ ನೆನಪಿರಲಿಲ್ಲ. ಆದರೆ ಇದೇ ಮಳೆಗಾಲ ಒಂದು ಅವಕಾಶವನ್ನೂ ಕೊಡುತ್ತದೆ. ಗಂಡ ಮಲ್ಪೆಯ ಬೋಟಿನಲ್ಲಿ ದುಡಿಯುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ 61 ದಿನ ಮನೆಯಲ್ಲೇ ಇರುತ್ತಾರೆ. ಅಷ್ಟು ವರ್ಷ ಅವರಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ, ಏಕೆಂದರೆ ನಮ್ಮ ಭೇಟಿಗಳೆಲ್ಲ ಅವರು ಕಡಲಿನಲ್ಲಿದ್ದಾಗ ನಡೆಯುತ್ತಿದ್ದವು. ಜೂನ್ ಎರಡನೆಯ ವಾರ ಹೋಗಿ ಉಣ್ಣಿಸುವುದನ್ನು ತೋರಿಸಿಕೊಟ್ಟೆ. ಮೊದಲ ದಿನ ಕೈ ನಡುಗಿತು. ತಿಂಗಳ ಕೊನೆಗೆ ಹೆಂಡತಿ ಕುಂದಾಪುರಕ್ಕೆ ಮದುವೆಗೆ ಹೋಗಿ ರಾತ್ರಿ ಅಲ್ಲೇ ಉಳಿದು ಬಂದರು.

ಉಳಿದಿರುವುದು ಕಾಗದದ ಕೆಲಸ. ಹದಿನೆಂಟು ತುಂಬಿದ ಮೇಲೂ ತಂದೆತಾಯಿಯೇ ತಾನಾಗಿ ಕಾನೂನಿನ ಪ್ರಕಾರ ಪೋಷಕರಾಗಿ, ಅಂದರೆ ಮಗುವಿನ ಪರವಾಗಿ ನಿರ್ಧರಿಸುವವರಾಗಿ, ಮುಂದುವರಿಯುತ್ತಾರೆ ಎಂದು ಹೆಚ್ಚಿನವರು ನಂಬಿದ್ದಾರೆ. ಹಾಗಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹು ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ. ಅದೇ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ದಾರಿ ತಿಳಿಯದಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಅರ್ಜಿಯ ಮಾತು ಬಂದಾಗ ಆ ತಾಯಿ, "ನಮ್ಮ ನಂತರ ಮಗಳ ಹೆಸರನ್ನು ಬರೆಯೋಣ, ಅವಳೇ ನೋಡಿಕೊಳ್ಳುತ್ತಾಳೆ" ಎಂದರು. ಮಗಳು ಮುಂಬೈಯಲ್ಲಿ ಕೆಲಸದಲ್ಲಿದ್ದಾಳೆ. "ಅವಳನ್ನು ಕೇಳಿದ್ದೀರಾ ಅಕ್ಕ?" ಎಂದೆ. ಇಲ್ಲವೆಂದು ತಲೆಯಾಡಿಸಿದರು. ಅಂದು ಸಂಜೆಯೇ ಗಂಡಹೆಂಡತಿ ಇಬ್ಬರೂ ಅವಳಿಗೆ ಫೋನ್ ಮಾಡಿದರು.